ಅಕ್ಕ ನೋಡಿ ಮುಗಿಸುವವರೆಗೆ

ಮಾರ್ಚ್ 3, ಸೋಮವಾರ

ಕೂಡಿದ ಮಹಾಜನರೇ, ಮುಂದಿನ ಚಾಪೆಯ ಮಕ್ಕಳೇ, ಹಿಂದಿನ ಬೆಂಚಿನಲ್ಲಿ ಆಗಲೇ ಆಕಳಿಸುತ್ತಿರುವ ಹಿರಿಯರೇ, ಸದ್ದು ಮಾಡದೆ ಕೇಳುವಂಥವರಾಗಿ. ಈ ನೋಟುಬುಕ್ಕನ್ನು ನನ್ನ ಹೊರತು ಯಾರೂ ಓದುವುದಿಲ್ಲವೆಂದು ನನಗೆ ಗೊತ್ತು. ಆದರೆ ಎದುರಿಗೆ ಜನವಿಲ್ಲದಿದ್ದರೆ ನನಗೆ ಮಾತು ಹೊರಡುವುದಿಲ್ಲ. ಆದ್ದರಿಂದ ನೀವು ಇದ್ದೀರಿ.

ನಾಟಕದ ಕಂಪನಿಯಲ್ಲಿ ಸಾಮಾನಿನ ಪೆಟ್ಟಿಗೆ ಕಾಯುತ್ತಿದ್ದವರ ಮಗ ನಾನು. ಪರದೆಯ ಮರೆಯಲ್ಲಿ ನಿಂತು ರಾಜರ ಮಾತನ್ನೆಲ್ಲ ಬಾಯಿಪಾಠ ಮಾಡಿದವನು. ಆ ಗಂಟಲು ಈಗ ಅಂಗಿಯ ಗುಂಡಿ ಮಾಡುವ ಕಾರ್ಖಾನೆಯ ಮಹಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂತಿದೆ. ಲೆಕ್ಕ, ಹಾಜರಿ, ದಾಸ್ತಾನು, ಎಲ್ಲದಕ್ಕೂ ಪ್ರೋಗ್ರಾಂ ಬರೆದವನು ನಾನೇ. ಆ ಹುಮ್ಮಸ್ಸಿನಲ್ಲಿ ಹೋದ ತಿಂಗಳು ಯಜಮಾನರ ಮುಂದೆ ಎದೆ ತಟ್ಟಿ, ಕ್ಯಾಮೆರಾ ಕೊಡಿ, ಒಡಕು ಗುಂಡಿಯನ್ನು ಹುಡುಕುವ ಕಣ್ಣನ್ನೇ ಕಟ್ಟಿ ಕೊಡುತ್ತೇನೆ, ಎಂಟು ದಿನ ಸಾಕು ಎಂದುಬಿಟ್ಟೆ. ಇಪ್ಪತ್ತು ದಿನವಾಗಿದೆ.

ಇವತ್ತು ಒಳಗೆ ಕರೆದರು.

"ನೋಡ್ರೀ, ಇಪ್ಪತ್ತೆಂಟನೇ ತಾರೀಕು ಬರ್ತೀನಿ. ಎರಡು ಗಂಟೆ ನಿಲ್ಲದೆ ನಡೀಬೇಕು. ಒಂದು ಸಲ ನಿಂತ್ರೂ ಹೊರಗಿಂದ ರೆಡಿ ಮೆಷಿನ್ ತರಿಸ್ತೀನಿ. ಅದಕ್ಕೆ ಗುಂಡಿ ಆರಿಸೋ ಮೇಜೂ ಬೇಡ, ಮೇಜಿನ ಮುಂದೆ ಕೂರೋರೂ ಬೇಡ."

ಆ ಮೇಜಿನ ಮುಂದೆ ಇಪ್ಪತ್ತೆರಡು ವರ್ಷದಿಂದ ಕೂತಿರುವುದು ನನ್ನ ಅಕ್ಕ.

ನನ್ನ ಯೋಜನೆ ಸರಳ. ಓಡುವ ರಬ್ಬರ್ ಪಟ್ಟಿಯ ಮೇಲೆ ಗುಂಡಿಗಳು ಹರಿದು ಬರುತ್ತವೆ. ಕ್ಯಾಮೆರಾ ಎರಡು ಸೆಕೆಂಡಿಗೊಂದು ಚಿತ್ರ ತೆಗೆಯುತ್ತದೆ. ಅನುಮಾನ ಬಂದ ಗುಂಡಿಯನ್ನು ಗಾಳಿಯ ಕೊಳವೆ ಉಫ್ ಎಂದು ಪಕ್ಕದ ತಟ್ಟೆಗೆ ಊದುತ್ತದೆ. ಅದರ ಚಿತ್ರ ಅಕ್ಕನ ಪರದೆಯ ಮೇಲೆ ಮೂಡುತ್ತದೆ. ಸರಿಯೋ ತಪ್ಪೋ ಅಕ್ಕ ಹೇಳುತ್ತಾಳೆ. ಮೇಜೂ ಉಳಿಯಿತು, ಅಕ್ಕನೂ ಉಳಿದಳು, ಮಂಗಳ ಹಾಡಿ ಪರದೆ ಎಳೆಯಿರಿ.

ಚಿತ್ರ ನೋಡುವ ವಿದ್ಯೆಯನ್ನೆಲ್ಲ ಯಾರೋ ಪುಣ್ಯಾತ್ಮರು ಆಗಲೇ ಬರೆದಿಟ್ಟಿದ್ದಾರೆ. ಆದರೆ ಬರೆದಿರುವುದು ಬೇರೆ ಕಂಪ್ಯೂಟರ್ ಭಾಷೆಯಲ್ಲಿ, ಒರಟು ಭಾಷೆಯಲ್ಲಿ. ನನ್ನ ಭಾಷೆ ಸುಖದಲ್ಲಿ ಬೆಳೆದದ್ದು. ಕೆಲಸ ಮುಗಿದ ಮೇಲೆ ಮೆಮೊರಿಯ ಕಸವನ್ನು ಗುಡಿಸಲು ಅದಕ್ಕೊಬ್ಬ ಆಳಿದ್ದಾನೆ. ಈ ಎರಡರ ನಡುವೆ ಮಾತು ನಡೆಸಿಕೊಡಲು ಲೈಬ್ರರಿ ಎಂಬ ಸಿದ್ಧ ಪ್ರೋಗ್ರಾಂಗಳ ಒಂದು ಹೊದಿಕೆ ಸಿಗುತ್ತದೆ. ನಾನು ನನ್ನ ಭಾಷೆಯಲ್ಲಿ ಕೇಳಿದರೆ ಅದು ಒಳಗಿನವರಿಗೆ ಅವರ ಭಾಷೆಯಲ್ಲಿ ದಾಟಿಸುತ್ತದೆ. ದಾಟಿಸಬೇಕು. ಇವತ್ತು ಹನ್ನೊಂದು ಸಲ ಕೂಗಿದೆ, ಹನ್ನೊಂದು ಸಲವೂ ಒಂದೇ ಉತ್ತರ: ಆ ಫೈಲ್ ಸಿಗಲಿಲ್ಲ. ಫೈಲ್ ನನ್ನ ಮೂಗಿನ ಕೆಳಗೇ ಇದೆ. ರಾಜ ಸಿಂಹಾಸನದ ಮೇಲೆ ಕೂತಿದ್ದಾನೆ, ದ್ವಾರಪಾಲಕ ಮಾತ್ರ ರಾಜರು ಕಾಣುತ್ತಿಲ್ಲ ಎಂದು ಡಂಗುರ ಹೊಡೆಯುತ್ತಿದ್ದಾನೆ.

ಮನೆಗೆ ಬಂದು ಇದನ್ನೆಲ್ಲ ಅಭಿನಯಿಸಿ ತೋರಿಸಿದೆ. ಅಕ್ಕ ನನ್ನ ಟೇಬಲ್ಲಿನ ಮೇಲಿನ ನಾಲ್ಕು, ಕಿಟಕಿಯ ಮೇಲಿನ ಎರಡು, ಮಂಚದ ಕೆಳಗಿನ ಒಂದು, ಹೀಗೆ ಏಳು ಕಾಫಿ ಲೋಟ ಆರಿಸಿಕೊಳ್ಳುತ್ತಾ, "ಡಂಗುರ ಆಮೇಲೆ ಹೊಡಿ. ಕಾಲೆತ್ತು, ಅಲ್ಲೊಂದಿದೆ" ಎಂದಳು.

ಎಂಟು.

ಮಾರ್ಚ್ 5, ಬುಧವಾರ

ಸಿಕ್ಕಿತು. ಆ ಫೈಲ್ ಇತ್ತು. ಅದು ನಂಬಿಕೊಂಡಿದ್ದ ಇನ್ನೊಂದು ಫೈಲ್ ಇರಲಿಲ್ಲ. ರಾಜ ಬಂದಿದ್ದ, ಸಾರಥಿ ಬಂದಿರಲಿಲ್ಲ. ಅದನ್ನಾದರೂ ಬಾಯಿಬಿಟ್ಟು ಹೇಳಬಾರದೇ? ಮೂರು ದಿನ, ಮಹಾಜನರೇ, ಮೂರು ದಿನ ನನ್ನನ್ನು ಕುರುಡನನ್ನಾಗಿ ಮಾಡಿ ಕುಣಿಸಿತು. ಸಿಟ್ಟಿನಲ್ಲಿ ಮೌಸನ್ನು ಎತ್ತಿ ಕುಕ್ಕಿದೆ. ಈಗ ಅದರ ಎಡಗಿವಿ ಅದುಮಿದರೆ ಎರಡು ಸಲ ಅದುಮಿದಂತೆ.

ಮಾರ್ಚ್ 8, ಶನಿವಾರ

ಮೊದಲ ಚಿತ್ರ ಬಂತು. ಎಲ್ಲರನ್ನೂ ಕರೆದೆ. ಎಲ್ಲರೂ ಎಂದರೆ ಅಕ್ಕ ಮತ್ತು ಎಣ್ಣೆಮಾಮ. ಯಂತ್ರಗಳಿಗೆ ಎಣ್ಣೆ ಹಾಕಿ ಹಾಕಿ ಅವರ ಅಂಗೈ ಯಾವಾಗಲೂ ಹೊಳೆಯುತ್ತದೆ. ಅವರ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತು.

"ಇದೋ ನೋಡಿ," ಎಂದು ಕೈ ಚಾಚಿದೆ, "ಕಾರ್ಖಾನೆಯ ಮೂರನೇ ಕಣ್ಣು."

ಅಕ್ಕ ಪರದೆಯ ಹತ್ತಿರ ಮುಖ ತಂದು ನೋಡಿದಳು. "ಇವತ್ತು ಯಾವ ಗುಂಡಿ ಬಿಟ್ಟಿದೀರಾ ಮಾಮ?"

"ಕೆಂಪು," ಎಂದರು ಎಣ್ಣೆಮಾಮ.

"ಇದರಲ್ಲಿ ನೀಲಿ ಇದೆಯಲ್ಲೋ."

ಪಟ್ಟಿಯ ಮೇಲೆ ಕುಂಕುಮದಂಥ ಕೆಂಪು, ಪರದೆಯ ಮೇಲೆ ಶಾಯಿಯಂಥ ನೀಲಿ. ಮೇಜಿನ ಮೇಲಿಟ್ಟಿದ್ದ ನನ್ನ ಕೈಯೂ ನೀಲಿ.

"ಏನಪ್ಪಾ ನಾಟಕದವನೇ," ಎಂದರು ಎಣ್ಣೆಮಾಮ, "ಕಣ್ಣು ಕಟ್ತೀನಿ ಅಂದೆ. ಇದು ಮೇಕಪ್ ಹಚ್ಚಿಕೊಂಡು ಬಂದಿದೆ."

ಸಂಜೆಯವರೆಗೆ ಹುಡುಕಿದೆ. ಲೋಕದಲ್ಲೆಲ್ಲ ಬಣ್ಣವನ್ನು ಕೆಂಪು, ಹಸಿರು, ನೀಲಿ ಎಂದು ಬರೆದಿಡುತ್ತಾರೆ. ಈ ಲೈಬ್ರರಿಯವರು ನೀಲಿ, ಹಸಿರು, ಕೆಂಪು ಎಂದು ತಿರುವಿ ಬರೆಯುತ್ತಾರಂತೆ. ಯಾಕೆ? ಹಿಂದಿನಿಂದ ಹಾಗೇ ನಡೆದು ಬಂದಿದೆಯಂತೆ. ಒಂದು ಸಾಲು ಸೇರಿಸಿದೆ, ಕೆಂಪು ಕೆಂಪಾಯಿತು.

ಅಕ್ಕನ ವಿದ್ಯೆಯ ಬಗ್ಗೆ ಒಂದು ಮಾತು ಹೇಳಲೇಬೇಕು. ಅವಳು ಈಗ ಗುಂಡಿಯನ್ನು ನೋಡುವುದೇ ಇಲ್ಲ. ಹೆಬ್ಬೆರಳ ಕೆಳಗೆ ಅಂಚನ್ನು ಒಂದು ಸುತ್ತು ತಿರುಗಿಸುತ್ತಾಳೆ, ನಾಲ್ಕು ತೂತಿನ ಮೇಲೆ ಸವರುತ್ತಾಳೆ, ಮುಖ ಬಾಗಿಲ ಕಡೆಗೆ ಇರುತ್ತದೆ. ತಪ್ಪು ಗುಂಡಿ ಡಬ್ಬಿಗೆ ಬಿದ್ದಾಗಿರುತ್ತದೆ. ಕೈ ಪಳಗುವುದು ಎಂದರೆ ಹಾಗೆ. ಹೊರಡುವಾಗ, "ಚಿತ್ರ ಇನ್ನೂ ದೊಡ್ಡದು ಮಾಡೋಕಾಗುತ್ತಾ?" ಎಂದು ಕೇಳಿದಳು. ನನಗೆ ಇರುವ ಕೆಲಸವೇ ಮುಗಿಯದು, ಇವಳದೊಂದು ಹೊಸ ಬೇಡಿಕೆ. ಗೊಣಗುತ್ತಲೇ ಒಂದು ಬಟನ್ ಇಟ್ಟುಕೊಟ್ಟೆ. ಒತ್ತಿದಷ್ಟೂ ದೊಡ್ಡದಾಗುತ್ತದೆ.

ಮಾರ್ಚ್ 12, ಬುಧವಾರ

ಒಡಕು ಹಿಡಿಯುತ್ತದೆ. ಮೂರೇ ತೂತಿದ್ದರೆ ಹಿಡಿಯುತ್ತದೆ. ಅಂಚು ಚಕ್ಕೆ ಎದ್ದಿದ್ದರೆ ಹಿಡಿಯುತ್ತದೆ. ನಾನು ಕುರ್ಚಿಯಿಂದ ಎದ್ದು ನಿಂತು ಕಾರ್ಖಾನೆಗೆಲ್ಲ ಕೇಳುವಂತೆ ಒಂದು ವಿಜಯದ ಮಾತು ಹೇಳಬೇಕೆಂದಿದ್ದೆ. ಅರ್ಧ ಹೇಳಿದ್ದೆ. ಪ್ರೋಗ್ರಾಂ ಸತ್ತುಹೋಯಿತು.

ಮತ್ತೆ ಎಬ್ಬಿಸಿದೆ. ಮೂವತ್ತೇಳು ನಿಮಿಷಕ್ಕೆ ಮತ್ತೆ ಸತ್ತಿತು. ಮೆಮೊರಿ ತುಂಬಿದೆಯಂತೆ. ಹೇಗೆ ತುಂಬುತ್ತದೆ? ನನ್ನ ಭಾಷೆಯಲ್ಲಿ ಗುಡಿಸುವ ಆಳಿದ್ದಾನೆ. ಹದಿನೈದು ವರ್ಷದಲ್ಲಿ ನಾನು ಒಂದು ದಿನವೂ ಕಸ ಎತ್ತಿದವನಲ್ಲ.

ಮಾರ್ಚ್ 13, ಗುರುವಾರ

ಮೂವತ್ತೇಳು ನಿಮಿಷ.

ಮಾರ್ಚ್ 14, ಶುಕ್ರವಾರ

ಮೂವತ್ತೇಳು. ಎಣ್ಣೆಮಾಮ ಗಡಿಯಾರ ನೋಡಿಕೊಂಡು ಮೂವತ್ತಾರಕ್ಕೆ ಸರಿಯಾಗಿ ಬಂದು ಕೈಕಟ್ಟಿ ನಿಲ್ಲುತ್ತಾರೆ, ಸಾವು ನೋಡುವುದಕ್ಕೆ. ಇವತ್ತು ಜೊತೆಗೆ ಪ್ಯಾಕಿಂಗಿನವರನ್ನೂ ಕರೆತಂದಿದ್ದರು. ಜೀವನದಲ್ಲಿ ಮೊದಲ ಸಲ ನನಗೆ ಪ್ರೇಕ್ಷಕರು ಬೇಡವಾದರು.

ಲೈಬ್ರರಿಯ ಜೊತೆಗೆ ಕೊಟ್ಟಿರುವ ವಿವರಣೆ ಓದಿದೆ. ಪ್ರತಿ ಆಜ್ಞೆಗೂ ಒಂದೇ ಸಾಲು, ಅದೂ ಆ ಆಜ್ಞೆಯ ಹೆಸರನ್ನೇ ಇನ್ನೊಂದು ಸಲ ಹೇಳುವಂಥದ್ದು. ಉದಾಹರಣೆಗಳೆಲ್ಲ ಒಳಗಿನ ಒರಟು ಭಾಷೆಯಲ್ಲಿ. ಹೊದಿಕೆ ಹೊದೆಸಿದವರು ಹೊದಿಕೆ ಬಗ್ಗೆ ಒಂದು ಮಾತು ಬರೆಯಲಿಲ್ಲ.

ಅಕ್ಕ ಕೇಳಿದಳು, "ಇಪ್ಪತ್ತೆಂಟಕ್ಕೆ ಆಗುತ್ತೇನೋ?"

"ಆಗದೆ ಏನು, ನಾನಿರುವಾಗ?" ಎಂದೆ. ದನಿ ಎಂದಿನಂತೆ ಇತ್ತು.

ಮಾರ್ಚ್ 16, ಭಾನುವಾರ

ಬೆಳಿಗ್ಗೆ ಕಾಫಿಗೆ ಲೋಟವಿರಲಿಲ್ಲ. ಒಂದೂ ಇರಲಿಲ್ಲ. ಅಕ್ಕನಿಗೆ ಮೂರು ದಿನದಿಂದ ತಲೆನೋವು, ಲೋಟ ಆರಿಸಿರಲಿಲ್ಲ. ಮನೆಯ ಹನ್ನೊಂದು ಲೋಟವೂ ನನ್ನ ಕೋಣೆಯಲ್ಲಿ ತಳದಲ್ಲಿ ಕಂದು ಬಳೆ ಕಟ್ಟಿಕೊಂಡು ಕೂತಿದ್ದವು.

"ನಿನ್ನ ಕಸ ಗುಡಿಸೋಳು ಬರ್ತಾಳಲ್ಲ, ಅವಳು ಎತ್ತಿಡಬಾರದಾ?" ಎಂದೆ.

"ಅವಳು ನೆಲ ಗುಡಿಸ್ತಾಳೆ ಕಣೋ. ಟೇಬಲ್ ಮೇಲಿರೋ ಸಾಮಾನು ಮುಟ್ಟಲ್ಲ. ಅದು ಯಾರದ್ದೋ, ಬೇಕೋ ಬೇಡವೋ, ಅವಳಿಗೇನು ಗೊತ್ತು? ಅಪ್ಪನ ಕಂಪನಿ ಮರೆತುಬಿಟ್ಯಾ?"

ಮರೆತಿರಲಿಲ್ಲ. ನಾಟಕ ಮುಗಿದ ಮೇಲೆ ಗುಡಿಸುವವನು ಬರುತ್ತಿದ್ದ. ಹೂವು, ಕಾಗದ, ಬೀಡಿಯ ತುಂಡು ಗುಡಿಸುತ್ತಿದ್ದ. ಆದರೆ ಊರವರ ಮನೆಯಿಂದ ಕಡ ತಂದ ಕುರ್ಚಿ, ತಂಬಿಗೆ, ಜಮಖಾನೆಯನ್ನು ಅವನು ಮುಟ್ಟುತ್ತಿರಲಿಲ್ಲ. ತಂದವರೇ ಹಿಂದಿರುಗಿಸಬೇಕು. ರಾಜ ತಂಬಿಗೆಯನ್ನು ಎಸೆದು ಅಬ್ಬರಿಸಿ ಒಳಗೆ ಹೋಗುತ್ತಿದ್ದ. ಹತ್ತು ವರ್ಷದ ಅಕ್ಕ ಕತ್ತಲಲ್ಲಿ ತೆವಳಿ ಅದನ್ನು ಎತ್ತಿಕೊಂಡು ಬರುತ್ತಿದ್ದಳು. ನಾನು ಪಕ್ಕದಲ್ಲಿ ನಿಂತು ರಾಜನ ಅಬ್ಬರವನ್ನು ಕಲಿಯುತ್ತಿದ್ದೆ.

ಕೈಯಲ್ಲಿ ಲೋಟ ಹಿಡಿದುಕೊಂಡೇ ನಿಂತುಬಿಟ್ಟೆ. ಚಿತ್ರಗಳು ನನ್ನ ಭಾಷೆಯ ಮನೆಯವಲ್ಲ. ಅವು ಒಳಗಿನ ಒರಟು ಭಾಷೆಯ ಮನೆಯಿಂದ ಕಡ ತಂದವು. ನನ್ನ ಕಡೆ ಇರುವುದು ಆ ಸಾಮಾನಿನ ಒಂದು ಚೀಟಿ ಮಾತ್ರ. ನನ್ನ ಆಳು ಚೀಟಿ ನೋಡಿ, ಇಷ್ಟು ಚಿಕ್ಕದು, ಆಮೇಲೆ ಎಂದಾದರೂ ಗುಡಿಸಿದರಾಯಿತು ಎಂದು ಕೂತಿದ್ದಾನೆ. ಚೀಟಿಯ ಹಿಂದೆ ಹದಿನೈದು ಎಂಬಿಯ ಚಿತ್ರ ಬಿದ್ದಿದೆ. ಎರಡು ಸೆಕೆಂಡಿಗೊಂದು. ಮೂವತ್ತೇಳು ನಿಮಿಷಕ್ಕೆ ಸಾವಿರದ ನೂರಕ್ಕೂ ಮಿಕ್ಕಿ.

ಹನ್ನೊಂದು ಲೋಟ ತೊಳೆದು ಬೋರಲು ಹಾಕಿದೆ, ಯೋಚಿಸುವಾಗ ಕೈಗೆ ಏನಾದರೂ ಕೆಲಸ ಬೇಕಲ್ಲ.

ಮಾರ್ಚ್ 19, ಬುಧವಾರ

ಪ್ರತಿ ಚಿತ್ರಕ್ಕೂ, ಬಳಸಿದ ಕೂಡಲೇ ಬಿಟ್ಟುಬಿಡು ಎಂಬ ಸಾಲು ಹಾಕಿದೆ. ನಲವತ್ತಮೂರು ಕಡೆ. ಎಲ್ಲೆಲ್ಲಿ ಚಿತ್ರ ಹುಟ್ಟುತ್ತದೆಂದು ಹುಡುಕುವುದರಲ್ಲೇ ಎರಡು ದಿನ ಹೋಯಿತು. ಬಣ್ಣ ಬದಲಿಸಿದರೆ ಒಂದು ಹೊಸ ಚಿತ್ರ, ಕತ್ತರಿಸಿದರೆ ಇನ್ನೊಂದು, ಎಲ್ಲವೂ ನನ್ನನ್ನು ಕೇಳದೆ ಹುಟ್ಟಿದ ಮಕ್ಕಳು.

ಮೂವತ್ತಾರನೇ ನಿಮಿಷಕ್ಕೆ ಎಣ್ಣೆಮಾಮ ಬಂದರು. ಮೂವತ್ತೆಂಟಾಯಿತು. ಐವತ್ತಾಯಿತು. "ಛೆ," ಎಂದು ಹೋದರು.

ಮಾರ್ಚ್ 21, ಶುಕ್ರವಾರ

ಅಕ್ಕನ ಪರದೆಯನ್ನು ಜೋಡಿಸಿದ ಮೇಲೆ ಹೊಸ ಸಾವು ಶುರುವಾಗಿದೆ. ಇದಕ್ಕೆ ಹೊತ್ತುಗೊತ್ತಿಲ್ಲ. ಒಮ್ಮೆ ನಾಲ್ಕನೇ ನಿಮಿಷಕ್ಕೆ, ಒಮ್ಮೆ ಐವತ್ತಕ್ಕೆ. ಮೆಮೊರಿಯಲ್ಲಿ ಮುಟ್ಟಬಾರದ ಜಾಗ ಮುಟ್ಟಿದೆ ಎಂದು ಬೈದು ಸಾಯುತ್ತದೆ. ನನ್ನ ಭಾಷೆಯಲ್ಲಿ ಯಾವ ತಪ್ಪಾದರೂ ಹಿಡಿದು ನಿಲ್ಲಿಸಬಹುದು, ಇದನ್ನು ಹಿಡಿಯಲಾಗುವುದಿಲ್ಲ. ಅರಮನೆಯೇ ಒಮ್ಮೆಲೇ ಮಾಯ. ಸಾಯುವ ಮುನ್ನ ಅಕ್ಕನ ಪರದೆಯಲ್ಲಿ ಗುಂಡಿ ಇದ್ದ ಜಾಗದಲ್ಲಿ ಬೂದು ಗೀರುಗಳು.

ಯಜಮಾನರು ದಾಟಿ ಹೋಗುವಾಗ ಕಂಡು, "ಇದೇನ್ರೀ, ಬೂದಿ?" ಎಂದರು.

ಪರದೆ ಆರಿಸಿದೆ. ಇನ್ನು ಉಳಿದದ್ದು ಏಳು ದಿನ.

ಮಾರ್ಚ್ 23, ಭಾನುವಾರ

ಊಟದ ಮೇಲೆ ಅಕ್ಕ ಕಾಫಿ ಮಾಡಿ ಇಬ್ಬರಿಗೂ ತಂದಿಟ್ಟಳು. ನಾನು ಆ ಸಾವಿನ ಬಗ್ಗೆ ಯೋಚಿಸುತ್ತಾ ಕುಡಿದು, ಎದ್ದು, ಟೇಬಲ್ಲಿನ ಮೇಲಿದ್ದ ಎರಡೂ ಲೋಟ ಎತ್ತಿಕೊಂಡು ಹೋಗಿ ತೊಳೆದೆ.

"ನನ್ನ ಕಾಫಿ ಎಲ್ಲೋ?" ಎಂದು ಕೂಗಿದಳು. ಕೈ ಟೇಬಲ್ಲಿನ ಮೇಲೆ ತಡಕಾಡುತ್ತಿತ್ತು.

"ತೊಳೆದೆನಲ್ಲ."

"ನಾನಿನ್ನೂ ಕುಡೀತಿದ್ದೆ. ಇಷ್ಟು ವರ್ಷ ಎತ್ತಿಡೋದೇ ಇಲ್ಲ ಅಂತಿದ್ದೆ, ಈಗ ಬಾಯಿಂದ ಕಿತ್ಕೊಂಡು ತೊಳೀತೀಯ. ಕುಡಿದಾಯ್ತಾ ಅಂತ ಒಂದು ಮಾತು ಕೇಳೋಕೆ ನಿನಗೇನು ಧಾಡಿ?"

ನನಗೆ ನಗು ಬರಲಿಲ್ಲ. ಒದ್ದೆ ಕೈಯಲ್ಲೇ ಕಂಪ್ಯೂಟರ್ ತೆಗೆದೆ. ಅಕ್ಕನ ಪರದೆ ಚಿತ್ರವನ್ನು ನಕಲು ಮಾಡಿಕೊಂಡಿರಲಿಲ್ಲ. ಚಿತ್ರವಿದ್ದ ಜಾಗವನ್ನಷ್ಟೇ ನೋಡುತ್ತಿತ್ತು. ನಾನು ಹಿಂದಿನಿಂದ ಬಂದು, ಬಳಸಿ ಆಯಿತೆಂದು ನಾನೇ ತೀರ್ಮಾನಿಸಿ ಬಿಟ್ಟುಬಿಡುತ್ತಿದ್ದೆ. ಅವಳಿನ್ನೂ ನೋಡುತ್ತಿದ್ದಳು.

ನಲವತ್ತಮೂರರಲ್ಲಿ ಒಂದು ಸಾಲನ್ನು ಅಲ್ಲಿಂದ ತೆಗೆದು ಬೇರೆ ಕಡೆ ಇಟ್ಟೆ. ಅಕ್ಕ ಸರಿ ಅಥವಾ ತಪ್ಪು ಎಂದು ಒತ್ತಿದ ಮೇಲೆ ಮಾತ್ರ ಚಿತ್ರ ಹೋಗಬೇಕು. ಎಷ್ಟು ಹೊತ್ತಾದರೂ ಆಗಲಿ.

ಆಮೇಲೆ ಕಾಫಿ ಮಾಡಿದೆ. ಸಕ್ಕರೆ ಹೆಚ್ಚಾಯಿತಂತೆ.

ಮಾರ್ಚ್ 27, ಗುರುವಾರ

ನಿನ್ನೆ ಆರು ಗಂಟೆ ನಡೆಯಿತು. ಇವತ್ತು ಇಡೀ ದಿನ. ಹೇಳಿಕೊಳ್ಳುವ ಧೈರ್ಯವಿಲ್ಲ. ಅಕ್ಕ ಮನೆಗೆ ಬರುವಾಗ ಕೇಳಿದಳು, "ನಾಳೆ ನಿಂತುಹೋದ್ರೆ?" ನಾನೂ ಅದನ್ನೇ ಯೋಚಿಸುತ್ತಿದ್ದೆ. ಗೊತ್ತಿಲ್ಲ ಎಂದೆ. ಅವಳು ನನ್ನ ತೋಳು ಹಿಡಿದುಕೊಂಡಳು. ಮೆಟ್ಟಿಲು ಮುಗಿಯುವವರೆಗೂ ಬಿಡಲಿಲ್ಲ.

ಮಾರ್ಚ್ 28, ಶುಕ್ರವಾರ

ಯಜಮಾನರು ಹತ್ತಕ್ಕೆ ಬಂದು ಕುರ್ಚಿ ಹಾಕಿಸಿಕೊಂಡು ಕೂತರು. ನಾನು ಪೀಠಿಕೆಯೊಂದನ್ನು ಸಿದ್ಧ ಮಾಡಿಕೊಂಡಿದ್ದೆ. ಹೇಳಲಿಲ್ಲ. ಒತ್ತಿದೆ, ಪಟ್ಟಿ ಹೊರಟಿತು.

ಒಂದು ಗಂಟೆ ಏನೂ ಆಗಲಿಲ್ಲ. ಯಂತ್ರ ಊದುವುದು, ಅಕ್ಕ ಒತ್ತುವುದು. ಆಮೇಲೆ ಯಜಮಾನರು ಗಲ್ಲ ಕೆರೆದುಕೊಂಡು ಹೇಳಿದರು, "ಚೆನ್ನಾಗಿದೆ ಕಣ್ರೀ. ಇಷ್ಟು ಚೆನ್ನಾಗಿದ್ರೆ ಈಯಮ್ಮ ಯಾಕೆ ಬೇಕು? ಅನುಮಾನ ಬಂದದ್ದನ್ನ ಅದೇ ಎಸೀಲಿ."

ಮಹಾಜನರೇ, ಸಾಯುವುದನ್ನು ತಡೆಯಲು ತಿಂಗಳಿಡೀ ಒದ್ದಾಡಿದವನಿಗೆ ಬದುಕಿದರೂ ಕಷ್ಟ ಎಂಬುದು ಹೊಳೆದೇ ಇರಲಿಲ್ಲ. ನನ್ನ ಬಾಯಿಗೆ ಹತ್ತು ಮಾತು ಬಂದವು, ಎಲ್ಲವೂ ರಾಜರವು.

ಅಕ್ಕ ಎದ್ದು ಕುರ್ಚಿ ಹಿಂದಕ್ಕೆ ಸರಿಸಿದಳು. "ಆಗಲಿ ಸಾರ್. ಅರ್ಧ ಗಂಟೆ ಅದೇ ಎಸೀಲಿ. ಎಸೆದ ತಟ್ಟೆ ಮಾತ್ರ ನನಗೆ ಕೊಡಿ."

ಅರ್ಧ ಗಂಟೆಯಲ್ಲಿ ತಟ್ಟೆಯಲ್ಲಿ ತೊಂಬತ್ತಾರು ಗುಂಡಿ ಬಿದ್ದವು. ಅಕ್ಕ ತಟ್ಟೆಯನ್ನು ಮಡಿಲಲ್ಲಿಟ್ಟುಕೊಂಡಳು. ಮುಖ ಯಜಮಾನರ ಕಡೆಗೆ, ಹೆಬ್ಬೆರಳು ಗುಂಡಿಯ ಮೇಲೆ. ಒಂದು ಎಡಕ್ಕೆ, ಮೂರು ಬಲಕ್ಕೆ, ಒಂದು ಎಡಕ್ಕೆ. ಬಲಗಡೆ ಗುಡ್ಡೆ ಬೆಳೆಯಿತು: ಎಪ್ಪತ್ತೊಂದು.

"ಇವೆಲ್ಲ ಒಳ್ಳೇವು ಸಾರ್. ಮೇಲೆ ದೀಪದ ಹೊಳಪು ಬಿದ್ದಿದೆ, ಅದನ್ನ ಬಿರುಕು ಅನ್ಕೊಂಡಿದೆ. ನೀವೇ ಸವರಿ ನೋಡಿ."

ಯಜಮಾನರು ಒಂದನ್ನು ಸವರಿದರು. ಇನ್ನೊಂದನ್ನು ಸವರಿದರು. ಎಣ್ಣೆಮಾಮ ಹಿಂದಿನಿಂದ, "ಸಾರ್, ಆ ರೆಡಿ ಮೆಷಿನ್ನಿಗೆ ಹೆಬ್ಬೆರಳು ಇರುತ್ತಾ?" ಎಂದರು.

ಯಜಮಾನರು ನಕ್ಕರೋ ಕೆಮ್ಮಿದರೋ ತಿಳಿಯಲಿಲ್ಲ. ಹನ್ನೆರಡು ಗಂಟೆ ಹೊಡೆಯಿತು, ಪಟ್ಟಿ ನಡೆಯುತ್ತಲೇ ಇತ್ತು. "ಮೇಜು ಇರಲಿ," ಎಂದು ಎದ್ದು ಹೋದರು.

ನಾನು ಏನೂ ಅಬ್ಬರಿಸಲಿಲ್ಲವೆಂದು ಎಣ್ಣೆಮಾಮ ನನ್ನ ಹಣೆ ಮುಟ್ಟಿ ನೋಡಿದರು. ಜ್ವರವಿಲ್ಲ, ಈಗ ಎಣ್ಣೆ ಇದೆ.

ಮಾರ್ಚ್ 30, ಭಾನುವಾರ

ಹೊಳಪನ್ನು ಬಿರುಕೆಂದು ತಿಳಿಯುವ ದೋಷ ಸರಿಮಾಡೋಣವೆಂದು ಮೊನ್ನೆಯ ದಾಖಲೆ ತೆರೆದೆ. ಅಕ್ಕ ಏನು ಒತ್ತಿದರೂ ಪ್ರೋಗ್ರಾಂ ಒಂದು ಸಾಲು ಬರೆದಿಡುತ್ತದೆ. ಅವಳು ನೋಡಿದ ಚಿತ್ರಗಳು ಇನ್ನೂರ ಎಂಬತ್ತನಾಲ್ಕು. ಇನ್ನೂರ ಎಂಬತ್ತನಾಲ್ಕನ್ನೂ ದೊಡ್ಡದು ಮಾಡಿದ್ದಾಳೆ. ಒಂದು ಸಲವಲ್ಲ, ಇನ್ನು ದೊಡ್ಡದಾಗದು ಎನ್ನುವವರೆಗೆ. ಒಂದು ಗುಂಡಿ ಇಡೀ ಪರದೆ ತುಂಬುವವರೆಗೆ. ಅದಾದ ಮೇಲೂ ಒತ್ತಿದ್ದಾಳೆ.

ಹಿಂದಿನ ದಿನಗಳದ್ದೂ ತೆರೆದೆ. ಎಲ್ಲ ದಿನವೂ ಹಾಗೇ.

ಅಡುಗೆಮನೆಯಲ್ಲಿ ಅಕ್ಕ ಲೋಟಕ್ಕೆ ಕಾಫಿ ಸುರಿಯುತ್ತಿದ್ದಳು. ಬೆರಳ ತುದಿಯನ್ನು ಲೋಟದೊಳಗೆ ಇಳಿಬಿಟ್ಟು, ಬಿಸಿ ತಾಗಿದಾಗ ನಿಲ್ಲಿಸಿದಳು. ಎಷ್ಟು ದಿನದಿಂದ ಹೀಗೆ ಸುರಿಯುತ್ತಿದ್ದಾಳೋ. ಬಾಗಿಲಲ್ಲಿ ನಿಂತು ನೋಡಿದೆ.

"ಅಕ್ಕಾ, ಎಷ್ಟು ದಿನ ಆಯ್ತು?"

ಏನೆಂದು ಕೇಳಲಿಲ್ಲ ಅವಳು. "ಎರಡು ವರ್ಷ ಆಗಿರಬಹುದು. ಬಣ್ಣ ಕಾಣುತ್ತೆ, ಗೆರೆ ಕಾಣಲ್ಲ. ಹೇಳಿದ್ರೆ ಮೇಜಿಂದ ಎಬ್ಬಿಸ್ತಾರೆ."

"ನನಗಾದ್ರೂ ಹೇಳಬಹುದಿತ್ತು."

"ಹೇಳೋಣ ಅಂತಾನೇ ಇದ್ದೆ," ಎಂದಳು, ಲೋಟವನ್ನು ನನ್ನ ಕಡೆ ಸರಿಸಿ. "ನಿನ್ನ ಮಾತು ಮುಗೀಲಿ ಅಂತ ಕಾಯ್ತಿದ್ದೆ."

ಕಾಫಿ ಕುಡಿದೆ. ಅವಳದ್ದು ಮುಗಿಯುವವರೆಗೆ ಕೂತಿದ್ದೆ. ಡಾಕ್ಟರ ಹತ್ತಿರ ಹೋಗಲು ಒಪ್ಪಿಸುವುದಕ್ಕೆ ಒಂದು ಗಂಟೆ ಹಿಡಿಯಿತು. ಹೆಚ್ಚು ಮಾತಾಡಿದವಳು ಅವಳೇ. ಹೋಗಿ ಕೇಳಿದರೆ ಏನು ಹೇಳಿಬಿಡುತ್ತಾರೋ ಎಂಬ ಹೆದರಿಕೆ ಅವಳಿಗೆ. ನನಗೂ ಇದೆ.

ಮಹಾಜನರೇ, ಕೇಳಿಸಿಕೊಳ್ಳಿ, ಮೆಲ್ಲಗೆ ಹೇಳುತ್ತಿದ್ದೇನೆ, ಪಕ್ಕದ ಕೋಣೆಯಲ್ಲಿ ಅಕ್ಕ ಮಲಗಿದ್ದಾಳೆ. ನಾಳೆ ಬೆಳಿಗ್ಗೆ ಎಂಟು ಗಂಟೆಗೆ ಅವಳನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ. ಗೋಡೆಯ ಮೇಲಿನ ಅಕ್ಷರ ಓದಿ ಎಂದು ಡಾಕ್ಟರು ಹೇಳಿದಾಗ, ಅವಳು ತಡವರಿಸಿದರೂ, ಎಷ್ಟೇ ಹೊತ್ತು ತೆಗೆದುಕೊಂಡರೂ, ಪಕ್ಕದಲ್ಲಿ ನಿಂತು ನಾನು ಒಂದಕ್ಷರವನ್ನೂ ಹೇಳಿಕೊಡುವುದಿಲ್ಲ.